ಇಲಿ ಮಾಸ್ತರರ ಮಯ್ಯತ್

ಸಾಯಬಣ್ಣ ಸೈಕಲ್ಲನ್ನು ಗೋಡೆಗೆ ಒರಗಿಸಲಿಲ್ಲ. ಅಂಗಳದ ನಡುವೆಯೇ ಕೈಬಿಟ್ಟ. ಅದು ಬಿದ್ದ ಸದ್ದಿಗೆ ಹಾಜಿಸಾಬರು ಒಳಗಿನಿಂದ ಬಂದರು. ಬೆಳಗಿನ ಎಂಟು ಗಂಟೆ. ವಾಡಿಯಿಂದ ಶಹಾಬಾದಿನವರೆಗೆ ಎಲ್ಲಿಯೂ ನಿಲ್ಲದೆ ತುಳಿದುಕೊಂಡು ಬಂದವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಯಾಕೋ ಸಾಯಬಣ್ಣ? ಇಷ್ಟು ಲಗೂನ ಹ್ಯಾಂಗ ಬಂದಿ?"

ಅವನು ಬಾಯಿ ತೆರೆದ. ಮಾತು ಬರಲಿಲ್ಲ. ಐದು ವರ್ಷಗಳ ಕೆಳಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ತಲೆಗೆ ಪೆಟ್ಟು ಬಿದ್ದು ಅವನ ಮಾತು ನಿಂತುಹೋಗಿತ್ತು. ಹಾಜಿಸಾಬರ ತಮ್ಮ ಲಾಲ್ ಅಹ್ಮದ್ ಅವನನ್ನು ಎರಡು ವರ್ಷ ಎದುರಿಗೆ ಕೂಡಿಸಿಕೊಂಡು ಆ ಮಾತನ್ನು ತಿರುಗಿ ತಂದಿದ್ದ. ಮಾತು ಸಿಕ್ಕಿಕೊಂಡಾಗ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕು, ತಾಳದ ಹಿಂದೆ ಮಾತು ಬರುತ್ತದೆ ಎಂದು ಕಲಿಸಿದ್ದ. ಸಾಯಬಣ್ಣ ತೊಡೆ ತಟ್ಟಿದ. ಒಂದು, ಎರಡು, ಮೂರು.

"ಮಾಸ್ತರ್... ಹೋ... ದರು."

"ಎಲ್ಲಿಗಿ ಹೋದ?"

ಸಾಯಬಣ್ಣ ಮತ್ತೆ ತೊಡೆ ತಟ್ಟಲಿಲ್ಲ. ಅಲ್ಲೇ ಕುಕ್ಕರಿಸಿ ಕುಳಿತು ಎರಡು ಕೈಗಳಿಂದ ಮುಖ ಮುಚ್ಚಿಕೊಂಡ. ಹಾಜಿಸಾಬರಿಗೆ ತಿಳಿಯಿತು. ತಾವು ಅವನ ಕೈಯಲ್ಲಿ ಎರಡನೆಯ ಸಲ ಆ ಮಾತು ಹೇಳಿಸಲು ಹೊರಟಿದ್ದೆವಲ್ಲ ಎಂದು ನಾಚಿಕೆಯಾಯಿತು. "ಇನ್ನಾ ಲಿಲ್ಲಾಹಿ" ಎಂದು ಬಾಯಲ್ಲಿ ಅಂದುಕೊಳ್ಳುತ್ತ ಬಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸಿದರು. ಯಾಕೆ ಎತ್ತಿದರೋ ಅವರಿಗೇ ತಿಳಿಯಲಿಲ್ಲ.

ಬೆಳಗಿನ ನಮಾಜು ಮುಗಿಸಿ ಚಾಪೆಯಿಂದ ಏಳುವಾಗಲೇ ಲಾಲ್ ಅಹ್ಮದನ ಎದೆಬಡಿತ ನಿಂತಿತ್ತು. ಐವತ್ತೆರಡು ವರ್ಷ. ಮಕ್ಕಳಿರಲಿಲ್ಲ. ಹನ್ನೊಂದು ಗಂಟೆಗೆ ಖಣಿಯ ಲಾರಿಯಲ್ಲಿ ಮಯ್ಯತ್ ಶಹಾಬಾದಿನ ಮನೆಗೆ ಬಂತು. ಜೊತೆಗೆ ಹೆಂಡತಿ ಖುರ್ಷಿದಬೇಗಂ ಒಂದು ಸಣ್ಣ ತಗಡಿನ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಹಾಜಿಸಾಬರ ಹೆಂಡತಿ ಜೈತುನ್ಬೀ ಅದನ್ನು ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ.

ಅಂಗಳದಲ್ಲಿ ಜನ ಕೂಡಿದರು. ವಾಡಿಯ ಹೈಸ್ಕೂಲಿನ ಹೆಡ್‌ಮಾಸ್ತರ ಖಂಡೆಪ್ಪ, ಕಲ್ಲಿನ ವ್ಯಾಪಾರಿ ಸಂಗಣ್ಣ, ಖಣಿಯ ಕೂಲಿಗಳು, ಶಾಲೆಯ ಮಕ್ಕಳು. ಸೊಂಟ ಮುರಿದವರು, ಬಾಯಿ ಓರೆಯಾದವರು, ಒಂದು ಕೈ ಎತ್ತಲಾಗದವರು ಗೋಡೆ ಹಿಡಿದು ಕುಳಿತಿದ್ದರು. ಶಾಲೆ ಬಿಟ್ಟ ಮೇಲೆ ಲಾಲ್ ಅಹ್ಮದ್ ಸಂಜೆಗಳನ್ನು ಕಳೆಯುತ್ತಿದ್ದದ್ದು ಇವರೊಂದಿಗೆ.

"ಏನು ಮನುಷ್ಯಾರಿ," ಎಂದ ಖಂಡೆಪ್ಪ. "ಎಂಟನೇತ್ತ ಮಕ್ಕಳಿಗಿ ಇಲಿ ತಲಿ ಒಳಗ ಏನೇನದ ಅಂತ ಬೋರ್ಡಿನ ಮ್ಯಾಲ ಬರೀತಿದ್ದರು. ಪರೀಕ್ಷಾದಾಗ ಬರಂಗಿಲ್ಲ ಸರ್ ಅಂದ್ರ, ಬರದಿದ್ರ ಬ್ಯಾಡ, ಅದು ಅವರ ತಲಿ ಒಳಗೂ ಅದ, ಗೊತ್ತಿರಲಿ ಅಂತಿದ್ದರು. ಇಲಿ ಮಾಸ್ತರ್ ಅಂದ್ರ ಸಿಟ್ಟಿಗಿ ಬರ್ತಿರಲಿಲ್ಲ."

"ಸಿಟ್ಟು ಬಂದು ಏನ್ಮಾಡ್ತಾನ್ರಿ," ಎಂದ ಸಂಗಣ್ಣ ದನಿ ತಗ್ಗಿಸಿ. "ಬೆಂಗಳೂರಾಗ ಇಲಿಗೇ ಟೋಪಿ ಹಾಕಿ ಬಂದವ."

"ಸುಮ್ನಿರ್ರಿ ಸಂಗಣ್ಣ, ಮಯ್ಯತ್ ಮುಂದದ."

"ನಾ ಹುಟ್ಟಿಸಿದ ಮಾತಲ್ಲ ಬಿಡ್ರಿ. ಊರಿಗೇ ಗೊತ್ತದ."

ಹಾಜಿಸಾಬರು ಕಂಬದ ಆಚೆ ನಿಂತು ಕೇಳಿದರು. ಆ ಮಾತನ್ನು ಸಂಗಣ್ಣ ಹುಟ್ಟಿಸಿರಲಿಲ್ಲ ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹದಿನಾರು ವರ್ಷಗಳ ಕೆಳಗೆ ಚಹದ ಅಂಗಡಿಯಲ್ಲಿ ಸಿಟ್ಟಿನಲ್ಲಿ ಅದನ್ನು ಮೊದಲು ಆಡಿದವರು ಅವರೇ.

ಅಷ್ಟರಲ್ಲಿ ಬಿಳಿಯ ಕಾರೊಂದು ಬಂದು ನಿಂತಿತು. ಇಳಿದವನು ಭೀಮಶಾ. ಚಿತ್ತಾಪುರದವನು, ಲಾಲ್ ಅಹ್ಮದನ ಓದಿನ ಕಾಲದ ಗೆಳೆಯ, ಬೆಂಗಳೂರಿನ ಮಿದುಳು ಸಂಶೋಧನೆಯ ಸಂಸ್ಥೆಯಲ್ಲಿ ಅವನ ಜೊತೆಗೇ ಕೆಲಸಕ್ಕೆ ಸೇರಿದವನು. ಈಗ ಅಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ತಂಗಿಯ ಮಗಳ ಮದುವೆಗೆಂದು ಚಿತ್ತಾಪುರಕ್ಕೆ ಬಂದಿದ್ದಾಗ ಸುದ್ದಿ ಮುಟ್ಟಿತ್ತು. ಖಂಡೆಪ್ಪ ಎದ್ದು ಕುರ್ಚಿ ತಂದ. ಹಾಜಿಸಾಬರು ಅವನ ಕೈಹಿಡಿದು ಕೂಡಿಸಿದರು. ಅವರಿಗೆ ಅವನ ಮೇಲೆ ಗೌರವವಿತ್ತು.

ಒಳಗಿನ ಬಾಗಿಲಿನ ಪರದೆ ಸ್ವಲ್ಪ ಸರಿಯಿತು. ಜೈತುನ್ಬೀ ಹೊರಗೆ ಬಂದು ಗಂಡನ ಕಿವಿಯಲ್ಲಿ, "ಖುರ್ಷಿದಾ ಕರೀಲಿಕತ್ತಾಳ. ಈಗೇ ಬರಬೇಕಂತ," ಎಂದಳು.

*

೧೯೬೭ರಲ್ಲಿ ಲಾಲ್ ಅಹ್ಮದ್ ರಜೆಗೆ ಬಂದಾಗ ಒಂದು ವಿಚಿತ್ರ ಕೋರಿಕೆ ಮಾಡಿದ್ದ. ಮೊಳಕೈ ಅಗಲದ ಇಪ್ಪತ್ತು ಫರಸಿ ಕಲ್ಲುಗಳು ಬೇಕು, ಒಂದಕ್ಕೊಂದು ಕೂಡಿಸಿದರೆ ನಡುವೆ ಎಳೆ ಹೋಗಬಾರದು, ಮೇಲ್ಮೈ ಕನ್ನಡಿಯಂತೆ ಆಗಬೇಕು.

"ಮನಿ ಕಟ್ಟಸ್ತೀಯೇನೋ?" ಎಂದಿದ್ದರು ಹಾಜಿಸಾಬರು.

"ಇಲಿಗಿ ಭಾಯಿ."

ಹಾಜಿಸಾಬರು ನಕ್ಕಿದ್ದರು. ಲಾಲ್ ಅಹ್ಮದ್ ನೆಲದ ಮೇಲೆ ಸುಣ್ಣದ ತುಂಡಿನಿಂದ ಗೆರೆ ಎಳೆದು ವಿವರಿಸಿದ. ಸಂದುಗೊಂದುಗಳಿರುವ ಒಂದು ದೊಡ್ಡ ಪೆಟ್ಟಿಗೆ. ಒಂದು ತುದಿಯಲ್ಲಿ ಇಲಿ, ಇನ್ನೊಂದು ತುದಿಯಲ್ಲಿ ಕಾಳು. ನಾಲ್ಕು ದಿನ ಬಿಟ್ಟರೆ ಇಲಿ ದಾರಿ ನೆನಪಿಟ್ಟುಕೊಳ್ಳುತ್ತದೆ. ಅದರ ಮಿದುಳಿನ ಒಂದು ಚೂರು ತೆಗೆದ ಮೇಲೂ ಅದು ದಾರಿ ಮರೆಯುವುದಿಲ್ಲ, ಹಾಗಾದರೆ ನೆನಪು ಆ ಚೂರಿನಲ್ಲಿ ಇಲ್ಲ ಎಂದು ಅವನ ಗುರುಗಳು ಹತ್ತು ವರ್ಷದಿಂದ ಬರೆದು ಹೆಸರು ಮಾಡಿದ್ದರು.

"ನನಗೇನೋ ಅನುಮಾನ ಭಾಯಿ. ಪೆಟಗಿ ನೆಲ ಕಟ್ಟಿಗಿದು. ಒರೆಸಿದ್ರೂ ಕಟ್ಟಿಗಿ ವಾಸನಿ ಬಿಡಂಗಿಲ್ಲ. ಇಲಿ ನೆನಪಿಲೆ ಹೋಗಲಿಕತ್ತಾವೋ, ತಮ್ಮ ಉಚ್ಚಿ ವಾಸನಿ ಹಿಡಿದು ಹೋಗಲಿಕತ್ತಾವೋ? ನಮ್ಮ ಅಮ್ಮ ಬಕ್ರೀದಿಗಿ ಮಾಂಸ ಹೆಚ್ಚಿದ ಮ್ಯಾಲ ಫರಸಿಗಿ ಎರಡು ಕೊಡ ನೀರು ಹಾಕ್ತಿದ್ದಳು. ಬೆಕ್ಕು ಬಂದು ಮೂಸಿ ಸುಮ್ನ ಹೋಗ್ತಿತ್ತು. ನೆನಪದ?"

ಹಾಜಿಸಾಬರು ಕಲ್ಲುಗಳನ್ನು ತಾವೇ ತಿಕ್ಕಿದರು. ಹುಲ್ಲಿನಲ್ಲಿ ಸುತ್ತಿ ಗೂಡ್ಸ್ ಗಾಡಿಗೆ ಹಾಕಿದರು. ಆ ಕಲ್ಲುಗಳ ಮೇಲೆ ಏನಾಯಿತೆಂದು ಆಮೇಲೆ ಕೇಳಲಿಲ್ಲ.

ಕೇಳುವ ಹೊತ್ತಿಗೆ ಭೀಮಶಾ ಬಂದಿದ್ದ. ೧೯೬೮ರ ಶ್ರಾವಣದ ಒಂದು ಮಧ್ಯಾಹ್ನ, ಅವರ ಕಲ್ಲಿನ ಅಂಗಡಿಯಲ್ಲಿ, ಮುರಿದ ಫರಸಿಗಳ ಮೇಲೆ ಕರವಸ್ತ್ರ ಹಾಸಿ ಕುಳಿತು ಹೇಳಿದ್ದ: "ಹಾಜಿಸಾಬ್, ನಾ ಹೇಳಬಾರದು. ಆದ್ರ ನೀವು ಮಂದಿ ಬಾಯಿಂದ ಕೇಳೋದು ಬ್ಯಾಡ. ಲಾಲ್ ಅಲ್ಲಿ ತಪ್ಪು ಮಾಡ್ಯಾನ. ಆಪರೇಷನ್ ಆದ ಇಲಿ, ಆಗದ ಇಲಿ, ಇವುಗಳ ಪಂಜರದ ಚೀಟಿ ಅದಲಿ ಬದಲಿ ಮಾಡಿ ಗುರುಗಳ ಕೆಲಸ ಸುಳ್ಳಂತ ತೋರಿಸಲಿಕ್ಕೆ ಹೋಗ್ಯಾನ. ತಗದುಹಾಕ್ಯಾರ. ಇನ್ನೂ ದೊಡ್ಡದಾಗೋದು ನಾ ಕೈಕಾಲು ಹಿಡಿದು ನಿಲ್ಲಿಸೀನಿ. ಅವನಿಗಿ ಏನೂ ಕೇಳಬ್ಯಾಡ್ರಿ. ಮೊದಲೇ ಮನಸ್ಸು ಸೋತದ."

ಹಾಜಿಸಾಬರು ಅವನಿಗೆ ಊಟ ಹಾಕಿ ಕಳಿಸಿದ್ದರು. ಎಂಟು ದಿನಕ್ಕೆ ಲಾಲ್ ಅಹ್ಮದ್ ಒಂದು ಟ್ರಂಕು ಹಿಡಿದು ಬಂದಿಳಿದ. ಅಣ್ಣ ಏನೂ ಕೇಳಲಿಲ್ಲ. ತಮ್ಮ ಒಂದು ವಾರ ಅಣ್ಣನ ಮುಖ ನೋಡುತ್ತ ಓಡಾಡಿ, ಆಮೇಲೆ ವಾಡಿಯಲ್ಲಿ ಮಾಸ್ತರಿಕೆ ಹಿಡಿದ.

*

ಖುರ್ಷಿದಬೇಗಂ ಪರದೆಯ ಹಿಂದೆ ಕುಳಿತಿದ್ದಳು. ತಗಡಿನ ಪೆಟ್ಟಿಗೆ ತೆರೆದ ಸದ್ದಾಯಿತು, ಕೈ ಮಾತ್ರ ಹೊರಗೆ ಬಂತು. ಕೈಯಲ್ಲಿ ಮಡಿಕೆಯಲ್ಲೇ ಹರಿದಿದ್ದ ಒಂದು ಹಳೆಯ ಕಾಗದ.

"ಓದ್ರಿ ಭಾಯಿಸಾಬ್. ಯಾರ ಅಕ್ಷರ ನೋಡ್ರಿ."

ಹಾಜಿಸಾಬರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು.

"ಪ್ರಿಯ ಲಾಲ್, ಚೀಟಿಗಳನ್ನು ನೀನು ಬದಲಿಸಲಿಲ್ಲವೆಂದು ನನಗೆ ಗೊತ್ತು. ಪ್ರತಿಯೊಂದನ್ನೂ ನಾನೇ ಕಟ್ಟಿದ್ದೆ. ಕಲ್ಲಿನ ನೆಲ ಹಾಕಿ ತೊಳೆದ ಮೇಲೆ ಆಪರೇಷನ್ ಆದ ಇಲಿಗಳು ದಾರಿ ತಪ್ಪಿದ್ದನ್ನು ನಾನೂ ಕಣ್ಣಾರೆ ಕಂಡೆ. ಆದರೂ ಗುರುಗಳು ಬರೆದು ಮುಂದಿಟ್ಟದ್ದಕ್ಕೆ ಸಹಿ ಮಾಡಿದೆ. ಮಾಡದಿದ್ದರೆ ನಾನೂ ಮನೆಗೆ ಹೋಗುತ್ತಿದ್ದೆ. ನಿನಗೆ ಊರಿದೆ, ಅಣ್ಣನಿದ್ದಾನೆ. ಅವನು ನಿನ್ನ ಕೈಬಿಡುವವನಲ್ಲ. ನನಗೆ ಇದೊಂದು ಬಿಟ್ಟು ಬೇರೆ ಇಲ್ಲ. ಸಾಧ್ಯವಾದರೆ ಕ್ಷಮಿಸು. ಭೀಮಶಾ."

ಕೆಳಗೆ ತಾರೀಖು ಇತ್ತು. ಹಾಜಿಸಾಬರು ಅದನ್ನು ಎರಡು ಸಲ ಓದಿದರು. ಭೀಮಶಾ ಫರಸಿಯ ಮೇಲೆ ಕರವಸ್ತ್ರ ಹಾಸಿ ಕುಳಿತದ್ದು ಈ ಕಾಗದ ಬರೆದ ಹನ್ನೆರಡು ದಿನಕ್ಕೆ.

"ಇದು ನನಗ್ಯಾಕ ತೋರಿಸಲಿಲ್ಲ ಅವ?"

"ನಾ ನೂರು ಸಲ ಹೇಳೀನಿ, ತೋರಿಸ್ರಿ ಅಂತ. ಅಣ್ಣ ಕೇಳಿದ್ರ ತೋರಿಸ್ತೀನಿ ಅಂದರು. ಕೇಳದೆ ತೋರಿಸಿದ್ರ ಅದು ಸಾಕ್ಷಿ ಆಗ್ತದ, ನಾ ಅಣ್ಣನ ಮುಂದ ಸಾಕ್ಷಿ ಹಿಡಕೊಂಡು ನಿಲ್ಲಲ್ಲ ಅಂದರು. ಪ್ರತಿ ಈದಿಗಿ ನಿಮ್ಮ ಮನಿಗಿ ಬರುವಾಗ ಇದು ಅವರ ಕಿಸೇದಾಗ ಇರ್ತಿತ್ತು. ನೀವು ಕೇಳಲಿಲ್ಲ."

ಹಾಜಿಸಾಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಅಳೋದು ಆಮ್ಯಾಲ ಅದ," ಎಂದಳು ಖುರ್ಷಿದಬೇಗಂ. ಅವಳ ಮಾತು ಒಣಗಿತ್ತು. "ಮಯ್ಯತ್ ಎತ್ತೋದಕ್ಕಿಂತ ಮೊದಲು ನೀವು ಎಲ್ಲಾರ ಮುಂದ ತಮ್ಮನ ಪರವಾಗಿ ಮಾಫಿ ಕೇಳ್ತೀರಿ. ಆವಾಗ ಆ ಭೀಮಶಾ ಎದ್ದು ಒಂದು ಮಾತು ಹೇಳಬೇಕು. ಲಾಲ್ ಅಹ್ಮದ್ ಮೋಸ ಮಾಡಿಲ್ಲ ಅಂತ. ತಾ ಮಾಡೀನಿ ಅಂತ ಹೇಳೋದು ಬ್ಯಾಡ, ಅಷ್ಟು ಹೇಳಿದ್ರ ಸಾಕು. ನಾ ಇಲ್ಲಿಂದ ಕೇಳಬೇಕು. ಹೆಣ್ಣಮಕ್ಕಳು ಕಬರಸ್ತಾನಕ್ಕ ಬರಂಗಿಲ್ಲ. ನನಗ ಕೇಳ್ಳಿಕ್ಕ ಇದೊಂದೇ ಜಾಗ."

ಹಾಜಿಸಾಬರು ಭೀಮಶಾನನ್ನು ಹಿತ್ತಿಲಿಗೆ ಕರೆದರು. ಅಲ್ಲಿ ಮಯ್ಯತ್ತಿನ ಗುಸಲಿಗೆ, ಕಡೆಯ ಸ್ನಾನಕ್ಕೆ, ನೀರು ಕಾಯುತ್ತಿತ್ತು. ಕಾಗದವನ್ನು ಅವನ ಮುಂದೆ ಹಿಡಿದರು. ಭೀಮಶಾ ಅದನ್ನು ಮುಟ್ಟಲಿಲ್ಲ. ನೋಡಿದ ಕೂಡಲೆ ಗುರುತು ಹಿಡಿದ.

"ಇಟ್ಟಿದ್ದನಾ?" ಎಂದ.

"ಇದು ಬರದ ಮ್ಯಾಲೂ ನನ್ನ ಹಂತ್ಯಾಕ ಬಂದು ಸುಳ್ಳು ಯಾಕ ಹೇಳಿದಿ?"

"ನೀವು ಬೆಂಗಳೂರಿಗಿ ಬಂದು ಜಗಳಾ ತಗೀತೀರಿ ಅಂತ ಅಂಜಿದೆ ಹಾಜಿಸಾಬ್. ನೀವು ತಮ್ಮನ ಸಲುವಾಗಿ ಏನು ಬೇಕಾದ್ದು ಮಾಡೋ ಮನುಷ್ಯಾ ಅಂತ ಲಾಲ್ ಯಾವಾಗ್ಲೂ ಹೇಳ್ತಿದ್ದ."

ಒಲೆಯ ಕಟ್ಟಿಗೆ ಚಟಚಟ ಅಂದಿತು. ಹಾಜಿಸಾಬರಿಗೆ ಹೊಡೆಯುವ ವಯಸ್ಸು ಮುಗಿದಿತ್ತು. ಆದರೂ ಕೈ ಮುಷ್ಟಿಯಾಗಿದ್ದನ್ನು ಅವರೇ ಬಿಡಿಸಿಕೊಂಡರು.

"ಆಕಿ ಒಂದೇ ಮಾತು ಕೇಳ್ಯಾಳ," ಎಂದು ಖುರ್ಷಿದಬೇಗಂ ಹೇಳಿದ್ದನ್ನು ಹೇಳಿದರು.

ಭೀಮಶಾ ನೀರಿನ ಹಂಡೆಯ ಕಡೆ ತಿರುಗಿದ. "ಬರೋ ತಿಂಗಳು ನನಗ ಅಲ್ಲಿನ ಮುಖ್ಯಸ್ಥ ಮಾಡೋರಿದ್ದಾರ," ಎಂದ. ಆಮೇಲೆ ತಾನೇ ತಲೆ ಅಲ್ಲಾಡಿಸಿ, "ಇರಲಿ. ಹೇಳ್ತೀನಿ. ಹದಿನಾರು ವರ್ಷ ಹೊಟ್ಟ್ಯಾಗ ಇಟ್ಟು ಸಾಕಾಗ್ಯದ. ಹೇಳ್ತೀನಿ ಹಾಜಿಸಾಬ್," ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ ಎಂದು ಹಾಜಿಸಾಬರಿಗೆ ಅನ್ನಿಸಿತು.

*

ಕೇಳುವ ಅವಕಾಶ ಒಂದು ಸಲ ಬಂದಿತ್ತು. ಸಾಯಬಣ್ಣನಿಗೆ ಮಾತು ಕಲಿಸುತ್ತಿದ್ದ ದಿನಗಳು. ಹಾಜಿಸಾಬರು ಏನೋ ಕೆಲಸಕ್ಕೆ ವಾಡಿಗೆ ಹೋದವರು ಖಣಿ ಕೂಲಿಗಳ ಒಂದು ಸಣ್ಣ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ತಮ್ಮನನ್ನು ಕಂಡರು. ಲಾಲ್ ಅಹ್ಮದ್ ಸಾಯಬಣ್ಣನ ಮುಂದೆ ಒಂದು ತಂಬಿಗೆ ನೀರಿಟ್ಟು, ತೊಡೆ ತಟ್ಟುತ್ತ, "ನೀ... ರು" ಎಂದು ಹೇಳುತ್ತಿದ್ದ. ನೂರು ಸಲ. ಸಾಯಬಣ್ಣ ಸಿಟ್ಟಿನಿಂದ ತಂಬಿಗೆಗೆ ಒದ್ದ. ಲಾಲ್ ಅಹ್ಮದ್ ಚೆಲ್ಲಿದ ನೀರು ಒರೆಸಿ, ತಂಬಿಗೆ ತುಂಬಿಕೊಂಡು ಬಂದು ಮತ್ತೆ ಇಟ್ಟ.

"ಇಷ್ಟು ತಾಳ್ಮಿ ಎಲ್ಲಿಂದ ಬಂತೋ ನಿನಗ?"

"ಇಲಿ ಕಲಿಸಿದ್ದು ಭಾಯಿ," ಎಂದು ತಮ್ಮ ನಕ್ಕ. "ಅಲ್ಲಿ ಇದ್ದಾಗ ದಾರಿ ತಪ್ಪಿಸೋದು ನಮ್ಮ ಕೆಲಸ ಇತ್ತು. ಇಲ್ಲಿ ದಾರಿ ಹಚ್ಚೋದು. ಖರೇ ಹೇಳ್ಬೇಕಂದ್ರ ಈ ಕೆಲಸಾನೇ ಛಲೋ ಅನಸ್ತದ. ಆದ್ರ..."

ಅವನು ಅಂಗಿಯ ಕಿಸೆಯ ಮೇಲೆ ಕೈಯಿಟ್ಟು ಅಣ್ಣನ ಕಡೆ ನೋಡಿದ. ಹಾಜಿಸಾಬರಿಗೆ ಆ 'ಆದ್ರ'ದ ಆಚೆ ಹೋಗಲು ಅಂಜಿಕೆಯಾಯಿತು. "ಗಾಡಿ ಹೊತ್ತಾಯ್ತು," ಎಂದು ಎದ್ದುಬಿಟ್ಟರು.

*

ಗುಸಲ್ ಆಯಿತು. ಕಫನ್ ಹೊದಿಸಿ, ಕರ್ಪೂರ ಅತ್ತರು ಹಚ್ಚಿ, ಜನಾಜಾವನ್ನು ಅಂಗಳದ ನಡುವೆ ಇಟ್ಟರು. ಬಾಗಿಲ ಪರದೆಯ ಹಿಂದೆ ಹೆಂಗಸರ ಅಳು ತಾನೇ ತಗ್ಗಿತು. ಹಾಜಿಸಾಬರು ತಮ್ಮನ ತಲೆಯ ಕಡೆ ನಿಂತು ಕೈಜೋಡಿಸಿದರು.

"ನನ್ನ ತಮ್ಮ ಲಾಲ್ ಅಹ್ಮದ್ ನಿಮ್ಮೊಳಗ ಯಾರದರ ಮನಸ್ಸು ನೋಯಿಸಿದ್ರ, ಯಾರ ಹಕ್ಕರ ಅವನ ಮ್ಯಾಲ ಉಳಿದಿದ್ರ, ಈಗ ಹೇಳ್ರಿ. ಇಲ್ಲಂದ್ರ ಅಲ್ಲಾನ ಹೆಸರಿಲೆ ಮಾಫ್ ಮಾಡ್ರಿ." ಸ್ವಲ್ಪ ನಿಂತು, ಪದ್ಧತಿಯಲ್ಲಿ ಇಲ್ಲದ ಒಂದು ಮಾತು ಸೇರಿಸಿದರು: "ಅವನ ಬಗ್ಗೆ ಗೊತ್ತಿದ್ದ ಖರೇ ಮಾತು ಯಾರಿಗರ ಹೇಳೋದಿದ್ರ, ಅದೂ ಹೇಳ್ರಿ."

"ಮಾಫ್ ಅದ, ಮಾಫ್ ಅದ," ಎಂದರು ಸುತ್ತ ನಿಂತವರು. ಸಾಯಬಣ್ಣ ತೊಡೆ ತಟ್ಟಿದ. ಅವನ ಮಾತು ಬರುವಷ್ಟರಲ್ಲಿ ಭೀಮಶಾ ಕುರ್ಚಿಯಿಂದ ಎದ್ದ.

ಎಲ್ಲರೂ ಅವನ ಕಡೆ ತಿರುಗಿದರು. "ಬೆಂಗಳೂರಿನ ದೊಡ್ಡ ಡಾಕ್ಟರು. ಮಾಸ್ತರರ ಜೊತಿಗಿ ಕೆಲಸ ಮಾಡಿದವರು," ಎಂದು ಖಂಡೆಪ್ಪ ಪಕ್ಕದವರಿಗೆ ಹೇಳಿದ, ತಮ್ಮ ಕಡೆಯ ಮನುಷ್ಯ ಅಷ್ಟು ಮೇಲೆ ಹೋದನಲ್ಲ ಎಂಬ ಹಿಗ್ಗಿನಲ್ಲಿ. ಭೀಮಶಾ ಆ ಮಾತು ಕೇಳಿದ. ಖಂಡೆಪ್ಪನನ್ನು ನೋಡಿದ, ಮಕ್ಕಳನ್ನು ನೋಡಿದ, ಪರದೆಯ ಕಡೆ ಒಂದು ಸಲ ನೋಡಿ ಕಣ್ಣು ತೆಗೆದ.

"ಲಾಲ್ ಅಹ್ಮದ್ ನನ್ನ ಗೆಳೆಯ," ಎಂದ. "ಮನುಷ್ಯಾರಿಂದ ತಪ್ಪು ಆಗ್ತಾವ. ಅವನಿಂದ ನನಗ ಏನು ನೋವು ಆಗಿದ್ರೂ, ನಾ ಎಂದೋ ಅವನಿಗಿ ಮಾಫ್ ಮಾಡೀನಿ."

ಕೂತುಬಿಟ್ಟ.

"ದೊಡ್ಡ ಮನಸ್ಸು," ಎಂದ ಸಂಗಣ್ಣ. ಎರಡು ಮೂರು ಜನ ತಲೆಯಾಡಿಸಿದರು.

ಹಾಜಿಸಾಬರು ಬಾಯಿ ತೆರೆದವರು ಮುಚ್ಚಿದರು. ತಮ್ಮನ ಮುಖದ ಮುಂದೆ ನಿಂತು ಒಬ್ಬನ ಮಾನ ತೆಗೆಯುವುದು ಅವರು ಕಲಿತ ಧರ್ಮದಲ್ಲಿ ಇರಲಿಲ್ಲ. ಇಮಾಮ ಗುಲಾಮ ದಸ್ತಗೀರರು ಹೊತ್ತಾಯಿತೆಂದು ಸನ್ನೆ ಮಾಡಿದರು. ನಾಲ್ಕು ಜನ ಹೆಗಲು ಕೊಟ್ಟರು. ಬಾಗಿಲು ದಾಟುವಾಗ ಪರದೆಯ ಸಂದಿನಿಂದ ಖುರ್ಷಿದಬೇಗಂಳ ದನಿ, ಹಾಜಿಸಾಬರಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಬಂತು: "ಈಗರ ಕೇಳಿದ್ರಿ, ಭಾಯಿಸಾಬ್."

ಅದು ಬೈಗುಳವೋ ಸಮಾಧಾನವೋ ಅವರಿಗೆ ಕಬರಸ್ತಾನದವರೆಗೂ ತಿಳಿಯಲಿಲ್ಲ.

ಇಳಿಹೊತ್ತಿನ ಅಸರ್ ನಮಾಜು ಆದ ಮೇಲೆ ಜನಾಜಾದ ನಮಾಜು ಮುಗಿಯಿತು. ಲಾಲ್ ಅಹ್ಮದನನ್ನು ಕಬರಿನಲ್ಲಿ ಇಳಿಸಿದರು. ಒಬ್ಬೊಬ್ಬರೇ ಬಂದು ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಭೀಮಶಾ ಕೂಡ ಬಂದ. ಬಗ್ಗಿ ಮಣ್ಣು ತೆಗೆದುಕೊಂಡು ಹಾಜಿಸಾಬರ ಮುಖ ನೋಡಿದ. ಹಾಜಿಸಾಬರು ತಡೆಯಲಿಲ್ಲ, ಮಣ್ಣು ಯಾರದೂ ಅಲ್ಲ ಎಂದುಕೊಂಡು ಒಂದು ಹೆಜ್ಜೆ ಸರಿದು ಜಾಗ ಕೊಟ್ಟರು.

ಕಬರು ತುಂಬಿತು. ನೀರು ಚಿಮುಕಿಸಿದರು. ಇಮಾಮರು ದುವಾಕ್ಕೆ ಕೈಯೆತ್ತುವಷ್ಟರಲ್ಲಿ ಹಾಜಿಸಾಬರು ಮುಂದೆ ಬಂದರು. "ಇಂದಿನ ದುವಾ ನಾ ಕೇಳ್ತೀನಿ," ಎಂದರು. ಎಲ್ಲರೂ ಅಂಗೈ ಎತ್ತಿದರು. ಹಿಂದೆ ನಿಂತ ಹಿಂದೂಗಳೂ, ಮಕ್ಕಳೂ ಹಾಗೇ ಎತ್ತಿದರು. ಹಾಜಿಸಾಬರು ಉರ್ದುವಿನಲ್ಲಿ ಕೇಳಲಿಲ್ಲ. ಅಲ್ಲಿದ್ದ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ ಕೇಳಿದರು.

"ಯಾ ಅಲ್ಲಾ, ಇವ ಲಾಲ್ ಅಹ್ಮದ್. ನನ್ನ ತಮ್ಮ. ಇವ ಬೆಂಗಳೂರಾಗ ಮೋಸ ಮಾಡಲಿಲ್ಲ."

"ಆಮೀನ್," ಎಂದರು ಕೆಲವರು ರೂಢಿಯಿಂದ. ಆಮೇಲೆ ಮಾತಿನ ಅರ್ಥ ಹೊಳೆದು ಸುಮ್ಮನಾದರು.

"ಕಣ್ಣಿಲೆ ಕಂಡದ್ದು ಕಂಡಂಗ ಹೇಳಿದ. ಅದಕ್ಕ ಇವನಿಗಿ ಹೊರಗ ಹಾಕಿದರು. ಸುಳ್ಳಿಗಿ ಸಹಿ ಮಾಡಿದವ ಯಾರಂತ ನಿನಗ ಗೊತ್ತದ. ಆ ಹೆಸರು ನಾ ತಗಿಯಂಗಿಲ್ಲ. ನನ್ನ ಹೆಸರು ತಗೀತೀನಿ. ನಾ ಹಾಜಿಸಾಬ, ಇವನ ಅಣ್ಣ. ಊರಾಗ ಇವನ ಹೆಸರು ಕೆಡಿಸಿದ ಮಾತು ನನ್ನ ಬಾಯಿಲೆ ಹೊಂಟದ್ದು. ಮಂದಿಗಿ ನಂಬಿದೆ, ಇವನಿಗಿ ಕೇಳಲಿಲ್ಲ. ಇವ ಹದಿನಾರು ವರ್ಷ ನನ್ನ ಒಂದು ಮಾತಿನ ಸಲುವಾಗಿ ಕಾದ."

ಸಂಗಣ್ಣ ನೆಲ ನೋಡುತ್ತಿದ್ದ. ಖಂಡೆಪ್ಪ ನಿಧಾನವಾಗಿ ಹಿಂದೆ ತಿರುಗಿದ. ಅಲ್ಲಿ, ಎಲ್ಲರ ಕೈಗಳ ನಡುವೆ, ಭೀಮಶಾನ ಎರಡು ಅಂಗೈಗಳೂ ಎತ್ತಿಕೊಂಡೇ ಇದ್ದವು. ಈಗಷ್ಟೇ ಕೊಟ್ಟ ಮಣ್ಣು ಅವುಗಳ ಗೆರೆಗಳಲ್ಲಿ ಕೂತಿತ್ತು. ಇಳಿಸಿದರೆ ಜನ ನೋಡುತ್ತಾರೆ. ಹಾಗೇ ಎತ್ತಿ ಹಿಡಿದರೆ ಆಮೀನ್ ಎನ್ನಬೇಕು. ಅವನ ತುಟಿ ಅಲ್ಲಾಡಲಿಲ್ಲ.

ಹಾಜಿಸಾಬರು ಅತ್ತ ನೋಡಲಿಲ್ಲ. ಅವರ ಕಣ್ಣು ಒದ್ದೆ ಮಣ್ಣಿನ ಮೇಲಿತ್ತು.

"ಯಾ ಅಲ್ಲಾ, ನಾವು ಇವನಿಗಿ ಮಾಫ್ ಮಾಡೋರು ಯಾರು? ಇವನು ನಮಗ ಮಾಫ್ ಮಾಡ್ತಾನೋ ಇಲ್ಲೋ, ಅದು ನೀ ಇವನಿಗಿ ಕೇಳು. ನನ್ನ ಸಲುವಾಗಿ ಇವನಿಗಿ ಒತ್ತಾಯ ಮಾಡಬ್ಯಾಡ. ಇವನ ಕಬರಿನ್ಯಾಗ ಬೆಳಕು ಹಾಕು. ಇವನಿಗಿ ಜಾಗ ಅಗಲ ಮಾಡಿಕೊಡು. ಭಾಳ ದಣಿದಾನ. ನೆಮ್ಮದಿಲೆ ಮಲಗಿಸು, ಮಾಲಿಕ್. ಆಮೀನ್."